ವೀಣೆಗೆ ಮೇಳ ಕಟ್ಟುವ ಕೆಲಸಕ್ಕೆ ನಾನು ಬಂದ ದಾರಿ

ಲೋಟ ಒಡೆದಾಗ ನೋವೇ ಆಗಲಿಲ್ಲ. 2022ರ ಜೂನ್ ತಿಂಗಳ ಒಂದು ಭಾನುವಾರ. ಮನೆಗೆ ಬಂದಿದ್ದವರು ಬಾದಾಮಿ ಹಾಲು ಕುಡಿದು ಇಟ್ಟಿದ್ದ ಗಾಜಿನ ಲೋಟಗಳನ್ನು ತೊಳೆಯುತ್ತಿದ್ದೆ. ಎಡಗೈಯಲ್ಲಿ ಲೋಟ ಹಿಡಿದು ಬಲಗೈಯಿಂದ ಒಳಗೆ ನಾರು ತಿರುವಿದ್ದೇ ತಡ, ಟಪ್ ಅಂತ ಸೀಳಿತು. ಸಿಂಕಿನ ನೀರು ಕೆಂಪಾದ ಮೇಲೇ ಎಡಗೈ ಕೊಯ್ದಿದೆ ಅಂತ ಗೊತ್ತಾಗಿದ್ದು. ತೋರುಬೆರಳು, ಮಧ್ಯದ ಬೆರಳು ಅಂಗೈಗೆ ಸೇರುವ ಜಾಗದಲ್ಲಿ ಒಂದು ಅಡ್ಡ ಗೆರೆ. ನೋಡಿದರೆ ಬಾಳೆ ಎಲೆ ಕೊಯ್ಯುವಾಗ ಆಗುವಂಥ ಗಾಯ, ಅಷ್ಟೇ.

ನಾನು ವೀಣೆ ನುಡಿಸುವವಳು. ಎಂಟನೇ ವಯಸ್ಸಿಗೆ ಪಾಠಕ್ಕೆ ಕೂತೆ. ಲೋಟ ಒಡೆದಾಗ ಮೂವತ್ತೊಂಬತ್ತು. ಮೈಸೂರು ಆಕಾಶವಾಣಿಯಲ್ಲಿ ಬಿ-ಹೈ ಗ್ರೇಡ್ ಕಲಾವಿದೆ, ಮನೆಯಲ್ಲಿ ಹದಿನಾರು ಮಕ್ಕಳಿಗೆ ಪಾಠ, ವರ್ಷಕ್ಕೆ ಹತ್ತು ಹನ್ನೆರಡು ಕಛೇರಿ. ದೊಡ್ಡ ಹೆಸರೇನೂ ಇರಲಿಲ್ಲ. ಆದರೆ ನಮ್ಮ ಬೀದಿಯ ಹೂವಿನವಳಿಂದ ಹಿಡಿದು ಗ್ಯಾಸ್ ತರುವ ಹುಡುಗನವರೆಗೆ ಎಲ್ಲರಿಗೂ ನಾನು ‘ವೀಣೆ ಮೇಡಂ’. ಆ ಎರಡು ಬೆರಳಿನಿಂದಲೇ ಆ ಹೆಸರು ಬಂದಿದ್ದು.

ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಹೋದೆವು. ಐದು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್, ದಪ್ಪ ಬ್ಯಾಂಡೇಜು. ಹತ್ತು ದಿನ ಬಿಟ್ಟು ಬನ್ನಿ ಅಂದರು. ಬೆರಳಿನ ತುದಿ ಮಡಚಿ ತೋರಿಸಿ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ. ಹನ್ನೊಂದನೇ ದಿನ ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬಂದು ಮುಷ್ಟಿ ಕಟ್ಟಿದೆ. ಕಿರುಬೆರಳು, ಉಂಗುರದ ಬೆರಳು ಮಡಚಿದವು. ಈ ಎರಡು ಯಾರಿಗೋ ದಾರಿ ತೋರಿಸುತ್ತಿರುವ ಹಾಗೆ ನೆಟ್ಟಗೆ ನಿಂತುಬಿಟ್ಟವು. ಮನಸ್ಸಿನಲ್ಲಿ ‘ಮಡಚು, ಮಡಚು’ ಅಂತಿದ್ದೇನೆ, ಆ ಮಾತು ಬೆರಳಿಗೆ ತಲುಪುತ್ತಲೇ ಇಲ್ಲ.

ಬೆಂಗಳೂರಿನ ಕೈ ಶಸ್ತ್ರಚಿಕಿತ್ಸಕರೊಬ್ಬರು ಒಂದು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಹೆಬ್ಬೆರಳು ಬಿಟ್ಟು ಒಂದೊಂದು ಬೆರಳನ್ನೂ ಮಡಚುವುದಕ್ಕೆ ಎರಡೆರಡು ಸ್ನಾಯುರಜ್ಜುಗಳಿರುತ್ತವೆ. ಒಂದು ಮಧ್ಯದ ಗೆಣ್ಣಿಗೆ, ಇನ್ನೊಂದು ತುದಿಯ ಗೆಣ್ಣಿಗೆ. ಎರಡೂ ಒಂದು ಇಕ್ಕಟ್ಟಾದ ಕೊಳವೆಯೊಳಗೆ ಜಾರುತ್ತಾ ಹೋಗುತ್ತವೆ. ಬೆರಳಿನ ಬುಡದಲ್ಲಿ ಕತ್ತರಿಸಿಹೋದರೆ ಹೊಲಿದ ಮೇಲೂ ರಜ್ಜು ಕೊಳವೆಯ ಗೋಡೆಗೆ ಅಂಟಿಕೊಂಡುಬಿಡುತ್ತದೆ. ಹಿಂದಿನ ಕಾಲದ ಶಸ್ತ್ರಚಿಕಿತ್ಸಕರು ಆ ಜಾಗವನ್ನು ‘ನೋ ಮ್ಯಾನ್ಸ್ ಲ್ಯಾಂಡ್’ ಅಂತಲೇ ಕರೆಯುತ್ತಿದ್ದರಂತೆ. ನನ್ನದು ಸರಿಯಾಗಿ ಅಲ್ಲೇ ತುಂಡಾಗಿತ್ತು. ಹನ್ನೊಂದು ದಿನ ಸುಮ್ಮನೆ ಬಿಟ್ಟಿದ್ದರಿಂದ ತುಂಡಾದ ತುದಿಗಳು ಅಂಗೈಯೊಳಕ್ಕೆ ಸರಿದುಹೋಗಿದ್ದವು.

ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಬೆರಳಿನ ಬುಡದಲ್ಲೋ ಅಂಗೈಯಲ್ಲೋ ಗಾಜು, ಕತ್ತಿ ಕೊಯ್ದರೆ, ಗಾಯ ಎಷ್ಟೇ ಚಿಕ್ಕದಾಗಿ ಕಾಣಲಿ, ಪ್ರತಿ ಬೆರಳಿನ ತುದಿಗೆಣ್ಣನ್ನೂ ಬೇರೆಬೇರೆಯಾಗಿ ಮಡಚಲು ಆಗುತ್ತದಾ, ತುದಿಯ ಎರಡೂ ಪಕ್ಕದಲ್ಲಿ ಸ್ಪರ್ಶ ಗೊತ್ತಾಗುತ್ತದಾ ನೋಡಿ. ಇಲ್ಲವಾದರೆ ಅವತ್ತೇ ಕೈ ನೋಡುವ ತಜ್ಞರ ಹತ್ತಿರ ಹೋಗಿ. ಚರ್ಮ ಹೊಲಿದರೆ ಮುಗಿಯಿತು ಅಂತ ಸುಮ್ಮನಾಗಬೇಡಿ. ಸಂಗೀತಗಾರರಿಗಂತೂ ಕೈ ಮುಗಿದು ಹೇಳುತ್ತೇನೆ.

ಆಪರೇಷನ್ ಆಯಿತು. ಆರು ವಾರ ಮೊಣಕೈ ಕೆಳಗಿನಿಂದ ಬೆರಳ ತುದಿಯವರೆಗೆ ಪಟ್ಟಿ. ಗಂಟೆಗೊಮ್ಮೆ ಬಲಗೈಯಿಂದ ಎಡಗೈ ಬೆರಳುಗಳನ್ನು ಮೆಲ್ಲಗೆ ಒತ್ತಿ ಮಡಚಬೇಕು, ಆದರೆ ಆ ಬೆರಳುಗಳು ತಾವಾಗಿ ಏನನ್ನೂ ಬಲವಾಗಿ ಹಿಡಿಯಬಾರದು. ಅಲುಗಾಡಿಸದಿದ್ದರೆ ರಜ್ಜು ಅಂಟಿಕೊಳ್ಳುತ್ತದೆ, ಬಲ ಹಾಕಿದರೆ ಕಿತ್ತುಬರುತ್ತದೆ. ಹನ್ನೆರಡು ವಾರ ಕಳೆಯುವವರೆಗೂ ಈ ಎರಡರ ನಡುವೆಯೇ ಬದುಕು. ಫಿಸಿಯೋ ಮೇಡಂ ವಾರವಾರವೂ ಕೋನಮಾಪಕ ಇಟ್ಟು ಅಳೆದು ಡೈರಿಯಲ್ಲಿ ಬರೆಯುತ್ತಿದ್ದರು. ಹದಿನೆಂಟು ಡಿಗ್ರಿ, ಇಪ್ಪತ್ತು ಡಿಗ್ರಿ, ಮತ್ತೆ ಹದಿನೆಂಟು.

ಆ ದಿನಗಳಲ್ಲಿ ನಡೆದ ಒಂದು ಸಣ್ಣ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ವೈಣಿಕರ ಎಡಗೈ ತೋರುಬೆರಳು, ಮಧ್ಯದ ಬೆರಳಿನ ತುದಿಯಲ್ಲಿ ತಂತಿಯ ಗೀರು ಇರುತ್ತದೆ. ವರ್ಷಗಟ್ಟಲೆ ತಂತಿ ಎಳೆದು ಎಳೆದು ಚರ್ಮ ಜಡ್ಡುಗಟ್ಟಿ, ನಡುವೆ ಸಣ್ಣ ಕಾಲುವೆಯ ಹಾಗೆ ಆಗಿರುತ್ತದೆ. ಎಣ್ಣೆ ಹಚ್ಚಿದರೆ ಕಪ್ಪಗೆ ಮಿಂಚುತ್ತದೆ. ನನಗೆ ಅದು ಹತ್ತನೇ ವಯಸ್ಸಿನಿಂದ ಇತ್ತು. ಪಟ್ಟಿ ಬಿಚ್ಚಿದ ವಾರ, ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಕೂತಿದ್ದಾಗ ಆ ಜಡ್ಡು ಹಲಸಿನ ಬೀಜದ ಸಿಪ್ಪೆ ಬಿಡುವ ಹಾಗೆ ಪೂರ್ತಿ ಎದ್ದು ಬಂತು. ಕೆಳಗಿನ ಚರ್ಮ ಎಳೆಮಗುವಿನದರ ಹಾಗೆ ಗುಲಾಬಿ. ಆ ಸಿಪ್ಪೆಯನ್ನು ಕಿಟಕಿ ಹಲಗೆಯ ಮೇಲೆ ಇಟ್ಟೆ. ಯಾಕೆ ಇಟ್ಟೆನೋ ಗೊತ್ತಿಲ್ಲ, ಬಿಸಾಡಲು ಮನಸ್ಸು ಬರಲಿಲ್ಲ. ಸಂಜೆ ನೋಡಿದರೆ ಅಮ್ಮ ಗುಡಿಸಿಬಿಟ್ಟಿದ್ದರು. ಅವರ ತಪ್ಪೇನೂ ಇಲ್ಲ. ಆದರೆ ಅವತ್ತು ರಾತ್ರಿ ನಾನು ಅತ್ತ ಹಾಗೆ ಆಪರೇಷನ್ ದಿನವೂ ಅತ್ತಿರಲಿಲ್ಲ.

ಆಗಸ್ಟಿನಲ್ಲಿ ಆಕಾಶವಾಣಿಯ ರೆಕಾರ್ಡಿಂಗಿಗೆ ಕರೆ ಬಂತು. ‘ಆಕಾಶವಾಣಿ’ ಅನ್ನುವ ಹೆಸರು ಹುಟ್ಟಿದ್ದೇ ನಮ್ಮ ಊರಿನಲ್ಲಿ, 1935ರಲ್ಲಿ, ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಶುರುಮಾಡಿದ ಬಾನುಲಿಯಿಂದ. ಯಾದವಗಿರಿಯ ಆ ಕಟ್ಟಡದ ಮೆಟ್ಟಿಲು ಹತ್ತುವಾಗಲೆಲ್ಲ ನನಗೆ ಅದು ನೆನಪಾಗಿ ಮೈ ಜುಮ್ಮೆನ್ನುತ್ತಿತ್ತು. ‘ಅನಾರೋಗ್ಯದ ನಿಮಿತ್ತ ಬರಲಾಗುತ್ತಿಲ್ಲ, ಮನ್ನಿಸಬೇಕು’ ಅಂತ ಪತ್ರ ಬರೆದೆ. ಬಲಗೈ ಚೆನ್ನಾಗಿಯೇ ಇತ್ತಲ್ಲ, ಅಕ್ಷರ ಮುತ್ತಿನ ಹಾಗೆ ಬಂದವು. ಆ ಚಂದದ ಅಕ್ಷರ ನೋಡಿಯೇ ಇನ್ನಷ್ಟು ಸಂಕಟವಾಯಿತು.

ಹನ್ನೆರಡು ವಾರವಾದ ಮೇಲೆ ವೀಣೆ ಮುಂದೆ ಕೂತೆ. ಮಕ್ಕಳು ಮೊದಲು ಕಲಿಯುವ ಸರಳೆ ವರಸೆ ಬಂತು. ಮಾಯಾಮಾಳವಗೌಳದ ಸ ರಿ ಗ ಮ, ಮೊದಲ ಕಾಲ, ಎರಡನೇ ಕಾಲ. ಬೆರಳು ತಂತಿಯನ್ನು ಒತ್ತಬಲ್ಲದು, ಎಳೆಯಲಾರದು. ವೀಣೆಯಲ್ಲಿ ತಂತಿ ಎಳೆಯುವುದರಲ್ಲೇ ಗಮಕ, ಅಂದರೆ ಸ್ವರವನ್ನು ತೂಗಿ ಆಡಿಸುವುದು, ಇರುವುದು. ತೋಡಿ ರಾಗದ ಗಾಂಧಾರಕ್ಕೆ ಕೈ ಹಾಕಿದೆ. ಸ್ವರ ಅಲ್ಲೇ ಕಲ್ಲಿನ ಹಾಗೆ ಕೂತಿತು, ಆಡಲಿಲ್ಲ. ನಮ್ಮದು ಮೈಸೂರು ಬಾನಿ, ಮೈಸೂರಿನ ನುಡಿಸುವ ಶೈಲಿ. ಅರಮನೆಯ ವಿದ್ವಾಂಸರಾಗಿದ್ದ ವೀಣೆ ಶೇಷಣ್ಣನವರ ಫೋಟೋದ ಕೆಳಗೆ ಕೂತು ಕಲಿತದ್ದು. ಎಡಗೈಯ ಎರಡು ಬೆರಳನ್ನೂ ಕತ್ತರಿಯ ಹಾಗೆ ಬಿಡಿಸಿ ನುಡಿಸುವುದನ್ನು ಗುರುಗಳು ಮೂರು ವರ್ಷ ತಿದ್ದಿದ್ದರು. ಈಗ ಎರಡು ಬೆರಳೂ ಒಂದಕ್ಕೊಂದು ಅಂಟಿಕೊಂಡ ಹಾಗೆ ಒಟ್ಟಿಗೇ ಏಳುತ್ತಿದ್ದವು, ಒಟ್ಟಿಗೇ ಬೀಳುತ್ತಿದ್ದವು.

ಅಂಟು ಬಿಡಿಸುವುದಕ್ಕೆ ಇನ್ನೊಂದು ಆಪರೇಷನ್ ಮಾಡಬಹುದು ಅಂದರು ಡಾಕ್ಟರು. ಸುಧಾರಿಸಲೂಬಹುದು, ರಜ್ಜು ಹರಿದು ಈಗ ಇರುವುದೂ ಹೋಗಬಹುದು. ‘ಮನೆಗೆಲಸಕ್ಕೆ ಈ ಕೈ ಸಾಕಮ್ಮ. ವೀಣೆಗೆ ಸಾಲುತ್ತೆ ಅಂತ ನಾನು ಮಾತು ಕೊಡಲಾರೆ’ ಅಂತ ನೇರವಾಗಿ ಹೇಳಿದರು. ಆ ನೇರ ಮಾತಿಗೆ ನಾನು ಅವರಿಗೆ ಋಣಿ. ಮಾಡಿಸಿಕೊಳ್ಳಲಿಲ್ಲ. ಮಾಡಿಸಿಕೊಳ್ಳಬೇಕಿತ್ತೇನೋ ಅಂತ ಈಗಲೂ ಕೆಲವು ರಾತ್ರಿ ಅನ್ನಿಸುತ್ತದೆ.

ಪಾಠಕ್ಕೆ ಬರುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ನಿಂತರು. ಬಾಯಲ್ಲಿ ಹಾಡಿ ತೋರಿಸುತ್ತಿದ್ದೆ. ಆದರೆ ಹನ್ನೊಂದು ವರ್ಷದ ಹುಡುಗಿ ‘ನುಡಿಸಿ ತೋರ್ಸಿ ಮೇಡಂ’ ಅಂದರೆ ಏನು ಮಾಡುವುದು? ಜನರ ಸಮಾಧಾನದ ಮಾತುಗಳು ಬೇರೆ. ‘ಕೈ ತಾನೇ, ಜೀವ ಹೋಗಿಲ್ಲವಲ್ಲ.’ ‘ಹಾಡೋದು ಕಲೀಬಹುದಲ್ಲ.’ ‘ಏನೋ ಕರ್ಮ ಕಳೀತು ಅಂದ್ಕೋ.’ ಪ್ರೀತಿಯಿಂದಲೇ ಹೇಳುತ್ತಿದ್ದರು. ಆದರೂ ಪ್ರತಿಯೊಂದು ಮಾತಿನ ಅರ್ಥ ‘ಅಳಬೇಡ’ ಅಂತಲೇ ಇತ್ತು. ಅಳುವುದಕ್ಕೆ ಜಾಗ ಕೊಟ್ಟವರು ಯಾರೂ ಇರಲಿಲ್ಲ. ದಸರಾ ಬಂತು, ಅರಮನೆ ಮುಂದೆ ಕಛೇರಿಗಳು ಶುರುವಾದವು. ನಾನು ಹತ್ತು ದಿನ ತಲೆನೋವು ಅಂತ ಮಲಗಿದೆ. ಅಡುಗೆಮನೆಯ ರೇಡಿಯೋದ ಬ್ಯಾಟರಿ ತೆಗೆದು ಅಟ್ಟಕ್ಕೆ ಹಾಕಿದೆ. ವೀಣೆಗೆ ಹಳೇ ರೇಷ್ಮೆ ಸೀರೆ ಹೊದಿಸಿ ಗೋಡೆ ಕಡೆ ತಿರುಗಿಸಿಟ್ಟೆ.

ಅಮೆರಿಕದಲ್ಲಿರುವ ನನ್ನ ಸೋದರತ್ತೆಯ ಮಗ ಫೋನು ಮಾಡಿ ಲಿಯಾನ್ ಫ್ಲೈಷರ್ ಅನ್ನುವ ಪಿಯಾನೋ ವಾದಕನ ವಿಷಯ ಹೇಳಿದ. 1964ರಲ್ಲಿ, ಮೂವತ್ತಾರನೇ ವಯಸ್ಸಿನಲ್ಲಿ, ಹೆಸರು ಉತ್ತುಂಗದಲ್ಲಿದ್ದಾಗ ಅವರ ಬಲಗೈಯ ಕೊನೆಯ ಎರಡು ಬೆರಳು ತಾವಾಗಿಯೇ ಒಳಕ್ಕೆ ಮಡಚಿಕೊಳ್ಳತೊಡಗಿದವು. ಫೋಕಲ್ ಡಿಸ್ಟೋನಿಯಾ. ಗಾಯ ಇಲ್ಲ, ನೋವಿಲ್ಲ, ಮೆದುಳು ಮತ್ತು ಬೆರಳಿನ ನಡುವಿನ ಲೆಕ್ಕಾಚಾರವೇ ತಪ್ಪಿಹೋಗುವ ತೊಂದರೆ. ಅವರು ಪಾಠ ಹೇಳಿದರು, ವಾದ್ಯವೃಂದ ನಡೆಸಿದರು, ಎಡಗೈ ಒಂದರಿಂದಲೇ ನುಡಿಸುವ ಕೃತಿಗಳನ್ನು ನುಡಿಸಿದರು. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಾಲ್ ವಿಟ್‌ಗೆನ್‌ಸ್ಟೈನ್ ತಮಗಾಗಿ ದೊಡ್ಡದೊಡ್ಡ ಸಂಗೀತಕಾರರಿಂದ ಬರೆಸಿದ ಕೃತಿಗಳಿದ್ದವಲ್ಲ, ಅವು. ಮೂವತ್ತು ವರ್ಷದ ಮೇಲೆ ಬೊಟಾಕ್ಸ್ ಚುಚ್ಚುಮದ್ದಿನಿಂದ ಮತ್ತೆ ಎರಡೂ ಕೈಯಲ್ಲಿ ನುಡಿಸಿದರು.

ಕೇಳಿ ನನಗೆ ಸಿಟ್ಟೇ ಬಂತು. ಅವರಿಗೆ ಕೈ ವಾಪಸ್ಸು ಸಿಕ್ಕಿತಲ್ಲ. ವೀಣೆಗೆ ಒಂಟಿ ಕೈಯ ಕೃತಿ ಎಲ್ಲಿದೆ? ಆದರೆ ಫೋನಿಟ್ಟ ಮೇಲೆ ಬೇರೊಂದು ವಿಷಯ ತಲೆಯಲ್ಲಿ ಉಳಿಯಿತು. ನಡುವಿನ ಅಷ್ಟು ವರ್ಷ, ಕೈ ಬರುತ್ತದೋ ಇಲ್ಲವೋ ಅಂತ ಗೊತ್ತಿಲ್ಲದೆ, ಆತ ದಿನಾ ಬೆಳಿಗ್ಗೆ ಎದ್ದು ಸಂಗೀತದ ಹತ್ತಿರ ಹೋಗಿ ಕೂತಿದ್ದರು. ನಾನೋ, ರೇಡಿಯೋದ ಬ್ಯಾಟರಿ ಕಿತ್ತವಳು.

2023ರ ಫೆಬ್ರವರಿಯಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನು ಮಾಡಿದೆ. ಯಜಮಾನರು ವಾರದ ಹಿಂದೆಯೇ ಆ ನಂಬರನ್ನು ಫ್ರಿಜ್ಜಿನ ಮೇಲೆ ಬರೆದು ಅಂಟಿಸಿದ್ದರು, ಏನೂ ಹೇಳದೆ. ಕನ್ನಡದಲ್ಲೇ ಮಾತಾಡಿದರು. ನಾನು ಐದು ನಿಮಿಷ ಬರೀ ಅತ್ತೆ. ಆ ಕಡೆಯ ಹೆಣ್ಣುಮಗಳು ಕಾದು, ಮೆಲ್ಲಗೆ ಕೇಳಿದಳು, ‘ಮನೇಲಿ ಯಾರಾದ್ರೂ ತೀರಿಕೊಂಡ್ರಾ ಅಮ್ಮ?’

ಇಲ್ಲ ಅಂದೆ. ಆಮೇಲೆ, ಹೂಂ ಅಂದೆ.

ಎಂಟು ತಿಂಗಳಲ್ಲಿ ಮೊದಲ ಸಲ ಒಬ್ಬರು ಇದನ್ನು ಸಾವಿನ ಲೆಕ್ಕದಲ್ಲಿ ಕೇಳಿದ್ದರು. ಸತ್ತವರಿಗೆ ಹನ್ನೊಂದು, ಹನ್ನೆರಡು, ಹದಿಮೂರು ದಿನದ ಕ್ರಮ ಇದೆ. ಬಂದು ಹೋಗುವವರಿದ್ದಾರೆ, ಅಳುವುದಕ್ಕೆ ಹೊತ್ತಿದೆ. ಒಂದು ವಿದ್ಯೆ ಕೈಬಿಟ್ಟು ಹೋದರೆ ಅಂಥದ್ದೇನೂ ಇಲ್ಲ. ಆಮೇಲೆ ಮನೋವೈದ್ಯರನ್ನು ಕಂಡೆ, ಆರು ತಿಂಗಳು ಮಾತ್ರೆ ನುಂಗಿದೆ. ಇದನ್ನು ಮುಚ್ಚಿಡಬೇಕು ಅಂತ ನನಗೆ ಅನ್ನಿಸುವುದಿಲ್ಲ. ಬೆರಳಿಗೆ ಹೊಲಿಗೆ ಹಾಕಿಸಿಕೊಂಡ ಹಾಗೆಯೇ ಇದೂ.

ಅದೇ ಮಾರ್ಚಿನಲ್ಲಿ ಒಂದು ಖಾಸಗಿ ಶಾಲೆಯ ಫ್ರಂಟ್ ಆಫೀಸಿಗೆ ಸೇರಿದೆ. ಫೀ ರಸೀತಿ, ಫೋನು, ಪೋಷಕರ ಜಗಳ. ಒಳ್ಳೆಯ ಜನ, ತಿಂಗಳ ಕೊನೆಗೆ ಸಂಬಳ. ಅಲ್ಲಿ ಐದು ತಿಂಗಳು ಇದ್ದೆ.

ಆ ಏಪ್ರಿಲ್‌ನ ಬಿಸಿಲಿನಲ್ಲಿ, ಗೋಡೆ ಕಡೆ ತಿರುಗಿಸಿಟ್ಟಿದ್ದ ವೀಣೆಯ ಮೇಳ ಹಾಳಾಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ವೀಣೆಯ ದಂಡಿಯ ಮೇಲೆ ಉದ್ದಕ್ಕೂ ಮೇಣದ ಎರಡು ದಂಡೆಗಳಿರುತ್ತವೆ. ಜೇನುಮೇಣಕ್ಕೆ ಕಪ್ಪು ಪುಡಿ ಸೇರಿಸಿ ಹದ ಮಾಡಿದ್ದು. ಆ ದಂಡೆಗಳ ಮೇಲೆ 24 ಲೋಹದ ಮೆಟ್ಟಿಲುಗಳು ಕೂತಿರುತ್ತವೆ, ಒಂದು ಸ್ಥಾಯಿಗೆ, ಅಂದರೆ ಒಂದು ‘ಸ’ದಿಂದ ಮೇಲಿನ ‘ಸ’ದವರೆಗೆ, ಹನ್ನೆರಡರಂತೆ ಎರಡು ಸ್ಥಾಯಿ. ನುಡಿಸುವ ತಂತಿಗಳಲ್ಲಿ ಮೊದಲನೆಯದು ಷಡ್ಜಕ್ಕೆ ಕೂಡಿಸಿದ ಸಾರಣಿ, ಅದರ ಪಕ್ಕದ್ದು ಪಂಚಮದ ತಂತಿ. ಮೇಣ ಆದ್ದರಿಂದ ಬಿಸಿಲಿಗೆ ಮೆತ್ತಗಾಗುತ್ತದೆ, ಹಳತಾದರೆ ಬಿರುಕು ಬಿಡುತ್ತದೆ. ಮೆಟ್ಟಿಲು ಕೂದಲೆಳೆಯಷ್ಟು ಸರಿದರೂ ಸ್ವರ ಕೆಡುತ್ತದೆ. ಕೆಲವು ವರ್ಷಕ್ಕೊಮ್ಮೆ ಪೂರ್ತಿ ಕಿತ್ತು ಮತ್ತೆ ಕಟ್ಟಬೇಕು. ಅದಕ್ಕೇ ಮೇಳ ಕಟ್ಟುವುದು ಅನ್ನುವುದು.

ವೀಣೆಯನ್ನು ಕೊಟ್ಟುಬಿಡೋಣ ಅಂದುಕೊಂಡಿದ್ದೆ. ಕೊಡುವ ಮುಂಚೆ ಸರಿ ಮಾಡಿಸೋಣ ಅಂತ, ಇಪ್ಪತ್ತು ವರ್ಷದಿಂದ ನಮ್ಮ ಮನೆಗೆ ಬರುತ್ತಿದ್ದ ಆಚಾರ್ರಿಗೆ ಹೇಳಿಕಳಿಸಿದೆ. ಎಪ್ಪತ್ತು ದಾಟಿದವರು. ಬಂದವರೇ ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ‘ಉಳಿ ಹಿಡಿಯೋ ಕೈಗೂ ಆಯ್ತದೆ ಅಮ್ಮಾವ್ರೇ’ ಅಂದು ತಮ್ಮ ಬಲಗೈ ಹೆಬ್ಬೆರಳು ತೋರಿಸಿದರು. ಅದರ ತುದಿ ಇರಲಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಹಳೇ ಮೇಣ ಕೆರೆದು ತೆಗೆದು, ಕಾಯಿಸಿ, ಚಪಾತಿ ಹಿಟ್ಟಿನ ಹದಕ್ಕೆ ನಾದಿ, ದಂಡೆ ಕಟ್ಟಿ, ಒಂದೊಂದೇ ಮೆಟ್ಟಿಲು ಇಡುತ್ತಾ ಬಂದರು. ನಾನು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದೆ, ಕೇಳಬಾರದು ಅಂದುಕೊಂಡು. ನಾಲ್ಕನೇ ಮೆಟ್ಟಿಲು, ಅಂತರ ಗಾಂಧಾರ. ಅವರು ಮೀಟಿದರು, ಒತ್ತಿದರು, ಸರಿ ಅಂದುಕೊಂಡು ಮುಂದೆ ಹೋದರು. ನನ್ನ ಬಾಯಿಂದ ತಾನಾಗಿಯೇ ಬಂತು, ‘ಒಂಚೂರು ಏರಿದೆ ಆಚಾರ್ರೇ.’

ಅವರು ಮತ್ತೆ ಮೀಟಿದರು. ‘ಎಲ್ಲಿ?’

‘ಸಾರಣಿಯಲ್ಲಿ ಗೊತ್ತಾಗಲ್ಲ. ಪಂಚಮದ ತಂತಿ ಮೀಟಿ, ಅಲ್ಲಿ ಅದು ನಿಷಾದ ಆಗುತ್ತಲ್ಲ, ಷಡ್ಜದ ಪಕ್ಕ ಇಟ್ಟು ಕೇಳಿ.’

ಕೇಳಿದರು. ಕಾದ ಕಡ್ಡಿ ತಗೊಂಡು ಮೆಟ್ಟಿಲನ್ನು ಸರಿಸಿದರು. ಎಷ್ಟು ಅಂದರೆ ಕಣ್ಣಿಗೆ ಕಾಣದಷ್ಟು. ಮತ್ತೆ ಮೀಟಿದಾಗ ಆ ಗಾಂಧಾರ ಕೋಣೆಯಲ್ಲಿ ದೀಪ ಹಚ್ಚಿದ ಹಾಗೆ ನಿಂತಿತು. ನನಗೆ ಮೈಯೆಲ್ಲ ಬೆವರು. ಹತ್ತು ತಿಂಗಳಿಂದ ನಾನು ಮುಚ್ಚಿಕೊಂಡಿದ್ದ ಕಿವಿ ಒಂದು ದಿನವೂ ಮುಚ್ಚಿಯೇ ಇರಲಿಲ್ಲ ಅಂತ ಆಗ ತಿಳಿಯಿತು. ಕುರ್ಚಿ ಬಿಟ್ಟು ನೆಲಕ್ಕೆ ಬಂದು ಕೂತೆ. ಉಳಿದ ಇಪ್ಪತ್ತನ್ನೂ ಇಬ್ಬರೂ ಸೇರಿ ಕೂರಿಸಿದೆವು, ಸಂಜೆ ಏಳರವರೆಗೆ.

ಹೊರಡುವಾಗ ಅವರು ಅಂದರು, ‘ನಂಗೆ ಈಗ ಕಿವಿ ಮಂದ ಆಗದೆ. ಯಾರ್ಗೂ ಹೇಳಿಲ್ಲ. ನಾಳಿದ್ದು ಕುವೆಂಪುನಗರದಲ್ಲಿ ಒಂದು ವೀಣೆ ಅದೆ, ಬತ್ತೀರಾ?’

ಹೋದೆ. ಮೊದಮೊದಲು ಶನಿವಾರ, ಭಾನುವಾರ ಮಾತ್ರ. ಅವರು ಕೈ, ನಾನು ಕಿವಿ. ಆಮೇಲೆ ಅವರೇ ಕೈಗೂ ಹಚ್ಚಿದರು. ‘ಕೇಳೋದು ಗೊತ್ತಿರೋರ್ಗೆ ಇಡೋದು ಕಲಿಸ್ಬೋದು. ಇಡೋದು ಗೊತ್ತಿರೋರ್ಗೆ ಕೇಳೋದು ಕಲ್ಸಕ್ಕಾಗಕಿಲ್ಲ’ ಅನ್ನುತ್ತಿದ್ದರು. ಆಗಸ್ಟಿನಲ್ಲಿ ಶಾಲೆ ಬಿಟ್ಟೆ. ನನ್ನ ಪಾಲಿಗೆ ಬಂದ ಮೊದಲ ಹಣ ಎಂಟುನೂರು ರೂಪಾಯಿ. ದೇವರ ಮುಂದೆ ಇಟ್ಟು ಅತ್ತೆ. ಸಂತೋಷವೋ ಅವಮಾನವೋ ಅವತ್ತು ಗೊತ್ತಾಗಲಿಲ್ಲ, ಎರಡೂ ಇತ್ತು. ಕಛೇರಿಯಲ್ಲಿ ಶಾಲು ಹೊದಿಸಿಕೊಂಡ ಮನೆಗೇ ಈಗ ಚೀಲ ಹಿಡಿದು ಹಿಂಬಾಗಿಲಿನ ಹಜಾರದಲ್ಲಿ ಕೂರಬೇಕು. ಒಬ್ಬ ಹಿರಿಯ ಕಲಾವಿದೆ ‘ಹೆಂಗಸರು ಮೇಳ ಕಟ್ತಾರೇನೇ, ಪಾಠ ಹೇಳ್ಕೊಂಡು ಇರಬಾರದಾ’ ಅಂದರು. ಮನಸ್ಸಿಗೆ ಮುಳ್ಳು ಚುಚ್ಚಿದ ಹಾಗಾಯಿತು. ಕೆಲಸ ಮುಗಿದ ಮೇಲೆ ಅವರೇ ಒಂದು ಗಂಟೆ ಕಲ್ಯಾಣಿ ರಾಗ ನುಡಿಸಿದರು, ಏಳಲೇ ಇಲ್ಲ.

ಕೆಲಸ ಸುಲಭದ್ದಲ್ಲ. ನನ್ನ ತೋರುಬೆರಳಿನ ಒಂದು ಪಕ್ಕಕ್ಕೆ ಇನ್ನೂ ಸರಿಯಾಗಿ ಸ್ಪರ್ಶ ಇಲ್ಲ. ಕತ್ತರಿಸಿದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯುತ್ತದೆ, ಆದರೆ ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ. ಬಿಸಿ ಮೇಣ ತಾಗಿದ್ದು ತಿಳಿಯದೆ ರಾತ್ರಿ ಅನ್ನ ಕಲಸುವಾಗ ಬೊಬ್ಬೆ ಕಂಡದ್ದಿದೆ. ಈಗ ಆ ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಕೂರುತ್ತೇನೆ.

ಎರಡನೇ ಮೆಟ್ಟಿಲಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಮೂವತ್ತು ವರ್ಷ ನುಡಿಸಿದರೂ ನನಗೆ ಇದು ತಿಳಿದಿರಲಿಲ್ಲ. ಸಾರಣಿಯಲ್ಲಿ ಅದು ಚತುಶ್ರುತಿ ರಿಷಭ, ಪಂಚಮದ ತಂತಿಯಲ್ಲಿ ಚತುಶ್ರುತಿ ಧೈವತ. ರಿಷಭಕ್ಕೆ ಅಚ್ಚುಕಟ್ಟಾಗಿ ಕೂರಿಸಿದರೆ ಧೈವತ ಒಂದು ಎಳೆ ಏರುತ್ತದೆ. ಧೈವತವನ್ನು ಇಂಪಾಗಿಸಿದರೆ ರಿಷಭ ಬಾಡುತ್ತದೆ. ಇಬ್ಬರನ್ನೂ ಪೂರ್ತಿ ಮೆಚ್ಚಿಸುವ ಜಾಗ ಆ ಮೇಣದ ಮೇಲೆ ಎಲ್ಲೂ ಇಲ್ಲ. ಮೆಟ್ಟಿಲನ್ನು ಕೂದಲೆಳೆಯಷ್ಟು ಓರೆಯಾಗಿ ಇಟ್ಟು, ವೀಣೆಯ ಯಜಮಾನರು ಯಾವ ರಾಗ ಹೆಚ್ಚು ನುಡಿಸುತ್ತಾರೆ ಅಂತ ಕೇಳಿ ತೀರ್ಮಾನ ಮಾಡಬೇಕು. ಮೋಹನದವರಿಗೆ ಒಂದು ರೀತಿ, ಖರಹರಪ್ರಿಯದವರಿಗೆ ಇನ್ನೊಂದು. ಇಷ್ಟು ವರ್ಷ ಬೆರಳು ಎಳೆದು ಸರಿಮಾಡಿಕೊಳ್ಳುತ್ತಿದ್ದದ್ದನ್ನು ಈಗ ಎಳೆಯುವ ಮುಂಚೆಯೇ ಕೇಳುತ್ತೇನೆ. ನಿಜ ಹೇಳಬೇಕೆಂದರೆ, ನುಡಿಸುತ್ತಿದ್ದಾಗ ವೀಣೆಯನ್ನು ನಾನು ಇಷ್ಟು ಹತ್ತಿರದಿಂದ ಕೇಳಿರಲಿಲ್ಲ.

ಆಚಾರ್ರ ಜೊತೆ ಒಮ್ಮೆ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರಕ್ಕೆ ಹೋಗಿದ್ದೆ, ವೀಣೆ ಮಾಡುವ ಊರು. ಅಂಗಳದಲ್ಲಿ ಹಲಸಿನ ಮರದ ದಿಮ್ಮಿಗಳು ಒಣಗುತ್ತಿದ್ದವು, ಅರ್ಧ ಕೊರೆದ ಕೊಡಗಳು ಬೋರಲು ಬಿದ್ದಿದ್ದವು. ಒಂದು ಕೊಡದೊಳಗೆ ಕೋಳಿ ಕೂತಿತ್ತು. ವೀಣೆ ಅಂದರೆ ಪೂಜೆ, ಮಡಿ ಅಂತ ಬೆಳೆದ ನನಗೆ ಆ ಅಂಗಳ ಬೇರೇನನ್ನೋ ಕಲಿಸಿತು. ವೇದಿಕೆ ಮೇಲಿನ ಎರಡು ಗಂಟೆಗಿಂತ ಮುಂಚೆ ಎಷ್ಟೊಂದು ಕೈಗಳ ಕೆಲಸ ಇರುತ್ತದೆ. ಆ ಕೈಗಳ ಸಾಲಿನಲ್ಲಿ ನನ್ನದಕ್ಕೂ ಜಾಗ ಇದೆ ಅಂತ ಅಲ್ಲಿ ಮೊದಲ ಸಲ ಅನ್ನಿಸಿತು.

ಮನೆಮನೆಗೆ ಹೋಗತೊಡಗಿದ ಮೇಲೆ ನಾನು ಎಣಿಸದೇ ಇದ್ದ ಇನ್ನೊಂದು ವಿಷಯ ಕಂಡೆ. ಮೇಣ ಆರುವವರೆಗೆ ಕಾಯಬೇಕಲ್ಲ, ಆಗ ನನ್ನ ಕೈ ನೋಡಿ ಅವರೂ ತಮ್ಮ ಕೈ ತೋರಿಸುತ್ತಾರೆ. ಕಿರುಬೆರಳು ಜೋಮು ಹಿಡಿಯುವವರು. ಭುಜ ಎತ್ತಲಾರದವರು. ಕಛೇರಿಗೆ ಮುಂಚೆ ನೋವಿನ ಮಾತ್ರೆ ನುಂಗಿ ಕೂರುವ ಪಿಟೀಲಿನ ಹುಡುಗ. ಮಣಿಕಟ್ಟು ಊದಿದರೂ ಯಾರಿಗೂ ಹೇಳದ ಮೃದಂಗದವರು, ಹೇಳಿದರೆ ಮುಂದಿನ ಸೀಸನ್ನಿಗೆ ಕರೆಯುವುದಿಲ್ಲ ಅನ್ನುವ ಭಯದಿಂದ. ಒಬ್ಬ ಹೆಣ್ಣುಮಗಳು ಬಾಗಿಲು ಹಾಕಿ ಬಂದು ಪಿಸುಮಾತಿನಲ್ಲಿ ಹೇಳಿದಳು, ಗಂಡನಿಗೂ ಗೊತ್ತಿಲ್ಲವಂತೆ.

ಬೆರಳು ಸೀಳಿ ರಕ್ತ ಬಂದರೂ ನಿಲ್ಲಿಸದೆ ಸಾಧನೆ ಮಾಡಿದರು ಅನ್ನುವ ಕಥೆಗಳನ್ನು ನಾವು ಮಕ್ಕಳಿಗೆ ಭಕ್ತಿಯಿಂದ ಹೇಳುತ್ತೇವೆ. ನಾನೂ ಹೇಳಿದ್ದೇನೆ. ಇನ್ನು ಮೇಲೆ ಹೇಳುವುದಿಲ್ಲ. ನೋವನ್ನು ಸಾಧನೆ ಅಂತ ಕರೆದು ಕರೆದು, ನೋವು ಬಂದವರು ಅದನ್ನು ಸೋಲು ಅಂದುಕೊಳ್ಳುವ ಹಾಗೆ ಮಾಡಿಟ್ಟಿದ್ದೇವೆ. ನಾನು ವೈದ್ಯೆಯಲ್ಲ. ಅವರ ಕೈ ಹಿಡಿದು ನೋಡುತ್ತೇನೆ, ಯಾವ ಬಗೆಯ ಡಾಕ್ಟರ ಹತ್ತಿರ ಹೋಗಬೇಕು ಅಂತ ನನಗೆ ತಿಳಿದಷ್ಟು ಹೇಳುತ್ತೇನೆ, ಆ ರಾತ್ರಿ ಫೋನಿನಲ್ಲಿ ಆ ಹೆಣ್ಣುಮಗಳು ಕಾದ ಹಾಗೆ ಕಾಯುತ್ತೇನೆ. ಮೂವರು ನನ್ನ ಜೊತೆಯಲ್ಲೇ ಆಸ್ಪತ್ರೆಗೆ ಬಂದಿದ್ದಾರೆ.

ನ್ಯೂಜೆರ್ಸಿಯಲ್ಲಿರುವ ಹಳೆಯ ಶಿಷ್ಯೆಯೊಬ್ಬಳ ವೀಣೆಯಲ್ಲಿ ಚಳಿಗೆ ಮೇಣ ಬಿರಿದು ಎರಡು ಮೆಟ್ಟಿಲು ಎದ್ದವು. ವಿಡಿಯೋ ಕಾಲಿನಲ್ಲಿ ಅವಳ ಕೈಯಿಂದಲೇ ಕೂರಿಸಿದೆ. ಅವಳು ಹೇರ್ ಡ್ರೈಯರ್ ಹಿಡಿದು ಮೇಣ ಮೆತ್ತಗೆ ಮಾಡಿದಳು, ನಾನು ಇಲ್ಲಿ ತಂಬೂರಿ ಶ್ರುತಿ ಹಾಕಿಕೊಂಡು ‘ಇನ್ನೊಂಚೂರು ಕೆಳಗೆ ಪುಟ್ಟಿ, ಹಾಂ, ಸಾಕು’ ಅನ್ನುತ್ತಿದ್ದೆ. ‘ನುಡಿಸಿ ತೋರ್ಸಿ’ ಅಂತ ಕೇಳಿ ಆಮೇಲೆ ಪಾಠ ಬಿಟ್ಟಿದ್ದ ಆ ಹನ್ನೊಂದು ವರ್ಷದ ಹುಡುಗಿ ಕಳೆದ ವರ್ಷ ವಾಪಸ್ಸು ಬಂದಳು. ಅವಳಿಗೆ ಬಾಯಲ್ಲಿ ಹಾಡಿ ಹೇಳಿಕೊಡುತ್ತೇನೆ, ಗಮಕವನ್ನು ಅವಳ ಬೆರಳಿನ ಮೇಲೆ ನನ್ನ ಬೆರಳಿಟ್ಟು ತೋರಿಸುತ್ತೇನೆ. ನನ್ನ ವೀಣೆಯನ್ನು ಯಾರಿಗೂ ಕೊಡಲಿಲ್ಲ. ದಿನಾ ಶ್ರುತಿ ಮಾಡುತ್ತೇನೆ. ಕೆಲವು ದಿನ ಸರಳೆ ನುಡಿಸುತ್ತೇನೆ, ಕೆಲವು ದಿನ ಆಗುವುದಿಲ್ಲ.

2025ರ ಗಣೇಶನ ಹಬ್ಬಕ್ಕೆ ಮೈಸೂರಿನ ವಿ.ವಿ. ಮೊಹಲ್ಲಾದ 8ನೇ ಕ್ರಾಸಿನ ಸಂಗೀತ ಕಛೇರಿಯ ಪೆಂಡಾಲಿಗೆ ಹೋಗಿದ್ದೆ, ಮೂರು ವರ್ಷದ ಮೇಲೆ ಮೊದಲ ಸಲ. ಹಿಂದಿನ ಸಾಲು, ಕಂಬದ ಪಕ್ಕ. ಆಚಾರ್ರೂ ಬಂದಿದ್ದರು, ಕೇಳುವ ಯಂತ್ರ ಹಾಕಿಸಿಕೊಂಡು. ಅವತ್ತು ನುಡಿಸಿದ ಹುಡುಗಿಯ ವೀಣೆಗೆ ಹದಿನೈದು ದಿನದ ಹಿಂದೆ ನಾನೇ ಮೇಳ ಕಟ್ಟಿದ್ದೆ, ಪೂರ್ತಿ ಒಬ್ಬಳೇ. ಕಛೇರಿಯ ಮೊದಲಿಗೆ ನುಡಿಸುವ ವರ್ಣ ಶುರುವಾದಾಗ ಹೊಟ್ಟೆಯಲ್ಲಿ ಆ ಹಳೇ ಸಂಕಟ ಎದ್ದ ಹಾಗಾಯಿತು. ಎದ್ದು ಹೋಗೋಣ ಅನ್ನಿಸಿತು. ಕಂಬ ಹಿಡಿದು ಕೂತೆ. ಮೂರನೇ ಕೃತಿಯ ಹೊತ್ತಿಗೆ ಅವಳ ಬೆರಳನ್ನು ನೋಡುವುದು ಬಿಟ್ಟು ಬರೀ ಕೇಳುತ್ತಿದ್ದೆ.

ಕಲ್ಯಾಣಿಯ ಆಲಾಪನೆಯಲ್ಲಿ ಮೇಲಕ್ಕೆ ಹೋಗಿ ತಾರಸ್ಥಾಯಿಯ ಗಾಂಧಾರದಲ್ಲಿ ನಿಂತಳು. ಹದಿನಾರನೇ ಮೆಟ್ಟಿಲು. ವೇದಿಕೆಯ ದೀಪದ ಕಾವಿಗೆ ಮೇಣ ಒಂದು ಎಳೆ ಸಡಿಲಾಗಿತ್ತು. ಅವಳೂ ಗಮನಿಸಿ ಬೆರಳಿನಿಂದ ಸ್ವಲ್ಪ ಎಳೆದು ಸರಿಮಾಡಿಕೊಂಡಳು. ಪಕ್ಕದವರಿಗೆ ಯಾರಿಗೂ ಗೊತ್ತಾಗಲಿಲ್ಲ. ಆಚಾರ್ರು ನನ್ನ ಮುಖ ನೋಡಿದರು. ‘ಹದ್ನಾರು’ ಅಂದರು. ‘ಹೂಂ’ ಅಂದೆ.

ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ ಶುರುವಾಯಿತು. ಮೃದಂಗದವರು, ಘಟದವರು ಸೇರಿ ಇನ್ನು ಹದಿನೈದು ನಿಮಿಷ. ಅವಳು ವೀಣೆ ಕೈಯಲ್ಲಿಟ್ಟುಕೊಂಡು ತಾಳ ಹಾಕುತ್ತಾ ಹಿಂದೆ ತಿರುಗಿ ಯಾರನ್ನೋ ಹುಡುಕುತ್ತಿದ್ದಳು. ನಾನು ಮಡಿಲಲ್ಲಿದ್ದ ಚೀಲ ತೆಗೆದುಕೊಂಡು, ತೋರುಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಾ, ಪೆಂಡಾಲಿನ ಪಕ್ಕದಿಂದ ವೇದಿಕೆಯ ಹಿಂಭಾಗಕ್ಕೆ ನಡೆದೆ.